ಹಳ್ಳದ ಗೆರೆ ಮೊದಲೋ, ಪ್ಲಾಟಿನ ಗೆರೆ ಮೊದಲೋ? ವಿಜಯಪುರದ ಬೆಳವಣಿಗೆಯ ಬಗ್ಗೆ ಒಂದು ಚರ್ಚೆ

ಮನಗೂಳಿ ಅಗಸಿ (ಚರ್ಚೆ ಆರಂಭಿಸಿದವರು)

ಕಳೆದ ಮಳೆಗಾಲದಲ್ಲಿ ಒಂದೇ ರಾತ್ರಿ ಸುರಿದ ಮಳೆಗೆ ನಮ್ಮ ಬಡಾವಣೆಯ ಹನ್ನೊಂದು ಮನೆಗಳ ಪಡಸಾಲೆಯವರೆಗೆ ನೀರು ಬಂದಿತ್ತು. ಅದೇ ಹನ್ನೊಂದು ಮನೆಯವರು ಏಪ್ರಿಲ್ ತಿಂಗಳಿನಲ್ಲಿ ನಳಕ್ಕೆ ನೀರು ಬರುವ ದಿನವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡು ಕಾಯುತ್ತಿದ್ದವರು. ಈ ಎರಡೂ ಸಂಗತಿಗಳನ್ನು ನಾವು ಬೇರೆ ಬೇರೆ ದೂರುಗಳಾಗಿ ಬೇರೆ ಬೇರೆ ಕಚೇರಿಗಳಿಗೆ ಬರೆದು ಕೊಟ್ಟೆವು. ಆಮೇಲೆ ನಾನು ಕುತೂಹಲಕ್ಕೆಂದು ಹಳೆಯ ಗ್ರಾಮ ನಕಾಶೆಯನ್ನು ತೆಗೆಸಿ ನೋಡಿದಾಗ, ನಮ್ಮ ಎರಡನೆಯ ಅಡ್ಡರಸ್ತೆ ಇರುವಲ್ಲಿಯೇ ಒಂದು ಹಳ್ಳ ಹರಿಯುತ್ತಿದ್ದುದು ಕಂಡಿತು. ಪಕ್ಕದ ಓಣಿಯ ಹಿರಿಯರೊಬ್ಬರಿಗೆ ಅದನ್ನು ತೋರಿಸಿದೆ. ಅವರು ನಕ್ಕು, "ಹಳ್ಳದೊಳಗೆ ಮನೆ ಕಟ್ಟಿಕೊಂಡು, ಮನೆಯೊಳಗೆ ಹಳ್ಳ ಬಂತು ಅಂತೀರಲ್ಲ" ಎಂದರು.

2011ರ ಜನಗಣತಿಯ ವೇಳೆಗೆ ನಮ್ಮ ನಗರದ ಜನಸಂಖ್ಯೆ ಸುಮಾರು ಮೂರೂಕಾಲು ಲಕ್ಷವಿತ್ತು. ಅಲ್ಲಿಂದೀಚೆಗೆ ಸೋಲಾಪುರ ರಸ್ತೆ, ಅಥಣಿ ರಸ್ತೆ, ಬಾಗಲಕೋಟೆ ರಸ್ತೆ, ಸಿಂದಗಿ ರಸ್ತೆ ಎಂದು ಊರು ಎಲ್ಲ ದಿಕ್ಕಿಗೂ ಚಾಚಿಕೊಂಡಿರುವುದು ಕಣ್ಣಿಗೆ ಕಾಣುತ್ತಿದೆ. ಬೆಳೆಯಬಾರದು ಎಂದು ನಾನು ಹೇಳುತ್ತಿಲ್ಲ. ನನ್ನ ಮನೆಯೂ ಆ ಬೆಳವಣಿಗೆಯ ಒಂದು ಭಾಗವೇ. ಆದರೆ ಇದೇ ಊರಿನಲ್ಲಿ 1651ರಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲಕ್ಕೆ ಬೇಗಂ ತಲಾಬ್ ಕಟ್ಟಿಸಿ, ಅಲ್ಲಿಂದ ಊರೊಳಗೆ ಮಣ್ಣಿನ ಕೊಳವೆಗಳನ್ನು ನೆಲದಡಿಯಲ್ಲಿ ಗಾರೆಯ ಹೊದಿಕೆಯೊಂದಿಗೆ ಹೂಳಿ, ದಾರಿಯುದ್ದಕ್ಕೂ ಗಂಜ್ ಎಂಬ ನೀರಿನ ಗೋಪುರಗಳನ್ನು ಎಬ್ಬಿಸಿದ್ದರು. ಕೊಳವೆ ಒಡೆಯದಂತೆ ಒತ್ತಡವನ್ನು ತಗ್ಗಿಸುವುದು ಮತ್ತು ಕೆಸರು ತಳಕ್ಕೆ ಕೂತು ತಿಳಿನೀರು ಮುಂದೆ ಹೋಗುವಂತೆ ಮಾಡುವುದು ಆ ಗೋಪುರಗಳ ಕೆಲಸವಾಗಿತ್ತು. ತೊರವಿ ಕಡೆಯಿಂದ ಸುರಂಗ ಕಾಲುವೆಯೂ ಬರುತ್ತಿತ್ತು. ಅಂದರೆ ನೀರಿನ ದಾರಿಯನ್ನು ತಿಳಿದುಕೊಂಡು ಊರನ್ನು ನಡೆಸಿದವರು ಇಲ್ಲಿದ್ದರು. ಇಂದಿನ ಬಡಾವಣೆಯ ನಕಾಶೆಯಲ್ಲಿ ರಸ್ತೆ ಇದೆ, ಪ್ಲಾಟಿನ ಸಂಖ್ಯೆ ಇದೆ, ಮೂಲೆಗೊಂದು ಉದ್ಯಾನವಿದೆ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದು ಮಾತ್ರ ಇಲ್ಲ. ಅದನ್ನೇ ಮೊದಲ ಗೆರೆಯಾಗಿ ಎಳೆದರೆ ಏನಾಗುತ್ತದೆ? ಬಲ್ಲವರು ಬರೆಯಬೇಕೆಂದು ಕೋರುತ್ತೇನೆ.

ಪಾಯ ಮತ್ತು ಪ್ಲಾಟು

ನಾನು ಇಪ್ಪತ್ತು ವರ್ಷಗಳಿಂದ ಮನೆ ಕಟ್ಟಿಸುವ ಮತ್ತು ಲೇಔಟ್ ಮಾಡುವ ಉದ್ಯೋಗದಲ್ಲಿರುವವನು. ಇಂಥ ಚರ್ಚೆಗಳಲ್ಲಿ ಬಯ್ಯಿಸಿಕೊಳ್ಳುವ ಜಾಗ ನನ್ನದೇ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಆದಿಲ್ ಶಾಹಿ ಕಾಲದ ನೀರಿನ ವ್ಯವಸ್ಥೆಯನ್ನು ಹೊಗಳುವಾಗ ಒಂದು ಮಾತು ನೆನಪಿಡಬೇಕು. 1686ರಲ್ಲಿ ಊರು ಔರಂಗಜೇಬನ ವಶವಾದ ಮೇಲೆ ಇಲ್ಲಿಯ ಜನವಸತಿ ಕುಗ್ಗಿತು. ಬೆಳೆಯುತ್ತಲೇ ಹೋಗುವ ಜನಸಂಖ್ಯೆಯ ಎದುರು ಆ ಕೊಳವೆಗಳು ಎಷ್ಟು ಕಾಲ ತಾಳುತ್ತಿದ್ದವು ಎಂಬ ಪರೀಕ್ಷೆಯೇ ನಡೆಯಲಿಲ್ಲ.

ಎರಡನೆಯದು ಹಣದ ಮಾತು. ಎನ್‌ಎ (ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತನೆ) ಮಾಡಿಸಿ, ರಸ್ತೆ, ಗಟಾರ, ಉದ್ಯಾನ, ವಿದ್ಯುತ್ ಕಂಬ ಎಲ್ಲವನ್ನೂ ಕೊಟ್ಟು ಪ್ಲಾಟು ಮಾರುವವನು ಹಳ್ಳದ ಎರಡೂ ದಂಡೆಗೆ ಜಾಗ ಬಿಟ್ಟರೆ, ಆ ಜಾಗದ ಬೆಲೆ ಉಳಿದ ಪ್ಲಾಟುಗಳ ಮೇಲೆ ಬೀಳುತ್ತದೆ. ಆಗ ಆಟೋ ಓಡಿಸುವವರು, ಅಂಗಡಿಯಲ್ಲಿ ಕೆಲಸ ಮಾಡುವವರು ಏನು ಮಾಡುತ್ತಾರೆ? ಹೊಲದಲ್ಲಿ ಸುಣ್ಣದ ಗೆರೆ ಹಾಕಿ ಮಾರುವ ಗುಂಟೆ ಪ್ಲಾಟು ಕೊಳ್ಳುತ್ತಾರೆ. ಅಲ್ಲಿ ಹಳ್ಳವೂ ಇಲ್ಲ, ಗಟಾರವೂ ಇಲ್ಲ, ಉದ್ಯಾನವಂತೂ ಇಲ್ಲವೇ ಇಲ್ಲ. ನಿಯಮ ಬಿಗಿಯಾದಷ್ಟೂ ನಿಯಮದ ಹೊರಗಿನ ಊರು ದೊಡ್ಡದಾಗುತ್ತದೆ. ಇದು ಪರಿಸರಪ್ರೇಮಿಗಳಿಗೆ ಹಿಡಿಸದ ಸತ್ಯ.

ಜಲನಗರದ ನಿವೃತ್ತ

ನೀರು ಸರಬರಾಜಿನ ಕೆಲಸದಲ್ಲಿಯೇ ಸೇವೆ ಮುಗಿಸಿದವನಾದ್ದರಿಂದ ಕೆಲವು ಲೆಕ್ಕಗಳನ್ನು ಮುಂದಿಡುತ್ತೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಬೇಕು.

ನಾವು ಕುಡಿಯುವ ಕೃಷ್ಣೆಯ ನೀರು ಕೊಲ್ಹಾರದ ಬಳಿಯ ಆಲಮಟ್ಟಿ ಹಿನ್ನೀರಿನಿಂದ ಬರುತ್ತದೆ. ಆಲಮಟ್ಟಿಯ ಇಂದಿನ ಪೂರ್ಣ ಸಂಗ್ರಹ ಮಟ್ಟ 519.60 ಮೀಟರ್, ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಅಂದರೆ ಜಲಾಶಯ ತುಂಬಿ ತುಳುಕುತ್ತಿರುವಾಗಲೂ ನೀರನ್ನು 80 ಮೀಟರ್ ಎತ್ತಲೇಬೇಕು. ಕೊಳವೆಯೊಳಗಿನ ಘರ್ಷಣೆಯನ್ನೂ ಸೇರಿಸಿ 100 ಮೀಟರ್ ಎಂದು ಹಿಡಿದು, ಪಂಪಿನ ದಕ್ಷತೆ ಶೇ. 70 ಎಂದುಕೊಂಡರೆ, ಸಾವಿರ ಲೀಟರ್ ನೀರಿಗೆ ಹೆಚ್ಚುಕಡಿಮೆ 0.4 ಯೂನಿಟ್ ವಿದ್ಯುತ್ ಬೇಕು. ಒಂದು ಮನೆಗೆ ಇದು ಚಿಲ್ಲರೆ. ಇಡೀ ನಗರಕ್ಕೆ, ವರ್ಷದ ಎಲ್ಲ ದಿನಗಳಿಗೆ ಗುಣಿಸಿದಾಗ ಚಿಲ್ಲರೆಯಲ್ಲ. ಊರು ಬೆಳೆದ ಹಾಗೆಲ್ಲ ಇನ್ನೊಂದು ಕೊಳವೆ, ಇನ್ನೊಂದು ಪಂಪು ಎನ್ನುವುದೇ ನಮ್ಮ ಯೋಜನೆಯಾದರೆ, ನದಿಯ ಕೆಳಗಿನವರ ಪಾಲು ಮತ್ತು ನಮ್ಮ ವಿದ್ಯುತ್ ಬಿಲ್ಲು ಎರಡನ್ನೂ ಮರೆತಂತಾಗುತ್ತದೆ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ಅಂಥ ವರ್ಷ ಮತ್ತೆ ಬರುವುದಿಲ್ಲ ಎಂದು ಯಾರೂ ಬರೆದುಕೊಟ್ಟಿಲ್ಲ.

ಈಗ ಮೇಲಿನಿಂದ ಬೀಳುವ ನೀರಿನ ಲೆಕ್ಕ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಎಂದು ಹಿಡಿಯೋಣ. 100 ಚದರ ಮೀಟರ್ ತಾರಸಿಯ ಮೇಲೆ 60,000 ಲೀಟರ್ ಬೀಳುತ್ತದೆ. ಆವಿಯಾಗಿ, ಸೋರಿ, ಮೊದಲ ಮಳೆಯ ಕೊಳೆಯೊಂದಿಗೆ ಹರಿದು ಹೋಗುವುದನ್ನು ಕಳೆದು ಶೇ. 80 ಸಿಕ್ಕರೂ 48,000 ಲೀಟರ್. ಒಳಚರಂಡಿಯಿರುವ ನಗರಕ್ಕೆ ಸರಕಾರಿ ಮಾನದಂಡ ತಲೆಗೆ ದಿನಕ್ಕೆ 135 ಲೀಟರ್. ಐದು ಜನರ ಮನೆಗೆ 675 ಲೀಟರ್. ಅಂದರೆ ಆ ತಾರಸಿಯ ನೀರು ವರ್ಷದಲ್ಲಿ ಎಪ್ಪತ್ತು ದಿನಗಳ ಖರ್ಚಿಗೆ ಸಾಕು. ಕೃಷ್ಣೆಯನ್ನು ಅದು ಬದಲಿಸಲಾರದು. ಆದರೆ ಅದೇ 48,000 ಲೀಟರನ್ನು ನಾವಿಂದು ಗಟಾರಕ್ಕೆ ಬಿಡುತ್ತಿರುವುದರಿಂದಲೇ ಮನಗೂಳಿ ಅಗಸಿಯವರ ಪಡಸಾಲೆಗೆ ನೀರು ಬಂದಿದೆ. ನೆರೆಗೂ ಬರಕ್ಕೂ ಒಂದೇ ಕಚೇರಿಗೆ ಅರ್ಜಿ ಕೊಟ್ಟಿದ್ದರೂ ತಪ್ಪಾಗುತ್ತಿರಲಿಲ್ಲ.

ಇನ್ನೊಂದನ್ನು ಸೇರಿಸುತ್ತೇನೆ. ಮನೆಗೆ ಬಂದ ನೀರಿನ ಶೇ. 80ರಷ್ಟು ಕೊಳಚೆಯಾಗಿ ಹೊರಗೆ ಹೋಗುತ್ತದೆ ಎಂಬುದು ನಾವು ಬಳಸುತ್ತಿದ್ದ ಸಾಮಾನ್ಯ ಸೂತ್ರ. 80 ಮೀಟರ್ ಎತ್ತಿ ತಂದ ನೀರನ್ನು ಒಮ್ಮೆ ಬಳಸಿ ಹಳ್ಳಕ್ಕೆ ಬಿಟ್ಟು, ರಸ್ತೆ ಬದಿಯ ಗಿಡಗಳಿಗೆ ಮತ್ತೆ ಟ್ಯಾಂಕರಿನಲ್ಲಿ ಬೇರೆ ನೀರು ಹಾಕುವುದು ನನಗೆ ಸೇವೆಯಲ್ಲಿದ್ದಾಗಲೂ ಅರ್ಥವಾಗಲಿಲ್ಲ, ಈಗಲೂ ಆಗುತ್ತಿಲ್ಲ.

ಎರೆಹೊಲದವ, ತೊರವಿ ಹಾದಿ

ನಿವೃತ್ತರ ಲೆಕ್ಕ ಓದಿ ಖುಷಿಯಾಯಿತು. ನಾನು ರೈತ, ನಾಲ್ಕು ಎಕರೆಯಲ್ಲಿ ಎರಡನ್ನು ಮಾರಿದವನು, ಎರಡನ್ನು ಇಟ್ಟುಕೊಂಡವನು. ಮಾರಿದ್ದಕ್ಕೆ ಕಾರಣ ಹೇಳಬೇಕಿಲ್ಲ. ಮಗಳ ಮದುವೆ, ಬೋರಿನ ಸಾಲ, ಎಲ್ಲರಿಗೂ ಇರುವುದೇ.

ಆ ಎರಡು ಎಕರೆಯಲ್ಲಿ ಲೇಔಟ್ ಆಗುವಾಗ ಮೊದಲು ಬಂದದ್ದು ಜೆಸಿಬಿ, ಮೊದಲು ಹೋದದ್ದು ಒಡ್ಡು. ನಮ್ಮ ಅಜ್ಜ ಹಾಕಿದ ಒಡ್ಡು ಅದು. ಬಿಜಾಪುರದಲ್ಲಿ ಒಣ ಬೇಸಾಯದ ಸಂಶೋಧನಾ ಕೇಂದ್ರ ಆರಂಭವಾದದ್ದು 1930ರ ದಶಕದಲ್ಲಿ. ಬಿದ್ದ ಮಳೆಯನ್ನು ಬಿದ್ದಲ್ಲಿಯೇ ನಿಲ್ಲಿಸಿ ಹಿಂಗಾರಿ ಜೋಳ ಬೆಳೆಯುವುದನ್ನು ಅವರು ಕಾಗದದ ಮೇಲೆ ಬರೆದರು, ನಮ್ಮ ಹಿರಿಯರು ಮಣ್ಣಿನ ಮೇಲೆ ಬರೆದಿದ್ದರು. ಹೊಲವನ್ನು ಚೌಕು ಮಡಿ ಮಾಡಿ ಬಿಡುತ್ತೇವೆ. ಚಿಕ್ಕ ಚಿಕ್ಕ ಚೌಕಗಳು, ಸುತ್ತಲೂ ಮೊಣಕಾಲಿಗೂ ಬಾರದ ಬದು. ಪ್ರತಿಯೊಂದು ಚೌಕವೂ ತನ್ನ ಮಳೆಯನ್ನು ತಾನು ಹಿಡಿದುಕೊಳ್ಳುತ್ತದೆ. ಹೆಚ್ಚಾದದ್ದು ಮಾತ್ರ ಮುಂದಿನದಕ್ಕೆ, ಕೊನೆಗೆ ಹಳ್ಳಕ್ಕೆ, ಹಳ್ಳದಿಂದ ಡೋಣಿ ನದಿಗೆ. "ಡೋಣಿ ಬೆಳೆದರೆ ಓಣೆಲ್ಲ ಕಾಳು" ಎಂಬ ಮಾತು ಹುಟ್ಟಿದ್ದು ಇಂಥ ಎರೆ (ಕಪ್ಪು ಮಣ್ಣಿನ) ಭೂಮಿಯಿಂದಲೇ.

ಅದೇ ನೆಲವನ್ನು ಈಗ ಮತ್ತೆ ಚೌಕಗಳಾಗಿಯೇ ಕತ್ತರಿಸಿದ್ದಾರೆ, ಹೆಸರು ಪ್ಲಾಟು. ಆದರೆ ಒಂದು ಚೌಕವೂ ತನ್ನ ನೀರನ್ನು ಹಿಡಿಯುವುದಿಲ್ಲ. ಎಲ್ಲರೂ ಸಿಮೆಂಟು ಹಾಕಿಸಿ, ತಮ್ಮ ಅಂಗಳವನ್ನು ರಸ್ತೆಗಿಂತ ಒಂದು ಅಡಿ ಎತ್ತರಿಸಿಕೊಂಡು, ನೀರನ್ನು ಪಕ್ಕದವರ ಕಡೆ ದೂಡುತ್ತಾರೆ. ಹೊಲದಲ್ಲಿ ಹೀಗೆ ಮಾಡಿದ್ದರೆ ಬದುವಿನ ಮೇಲೆ ಜಗಳವಾಗುತ್ತಿತ್ತು. ಲೇಔಟಿಗೂ ಚೌಕು ಮಡಿ ಮಾಡಿಸಿ ಎನ್ನುವುದಷ್ಟೇ ನನ್ನ ಮಾತು.

ಮುಳುಗಡೆ ನಗರಿ

ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ನೀವು ಕುಡಿಯುವ ಹಿನ್ನೀರಿನಲ್ಲಿಯೇ ನಮ್ಮ ಹಳೆಯ ಓಣಿಗಳು ಮುಳುಗಿವೆ ಎಂದು ನೆನಪಿಸಿದರೆ ಬೇಸರಿಸಬಾರದು. ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರವನ್ನು ಯೋಜಿಸಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಖಾಲಿ ನೆಲದ ಮೇಲೆ ಸೆಕ್ಟರ್‌ಗಳನ್ನು ಗುರುತಿಸಿ, ರಸ್ತೆ ಎಲ್ಲಿ, ಶಾಲೆ ಎಲ್ಲಿ ಎಂದು ಮೊದಲೇ ಗೆರೆ ಎಳೆದು ಕಟ್ಟಿದ ಊರು ನಮ್ಮದು. ಆದ್ದರಿಂದ ಮೊದಲೇ ಯೋಜಿಸಬೇಕೆಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಆದರೆ ಯೋಜನೆಯೊಂದೇ ಊರನ್ನು ತಂಪಾಗಿ ಇಡುವುದಿಲ್ಲ. ಹಳೆಯ ಊರಿನ ಕಿರಿದಾದ ಸಂದಿಗಳಲ್ಲಿ ಎದುರುಬದುರು ಗೋಡೆಗಳ ನೆರಳು ಒಂದರ ಮೇಲೊಂದು ಬೀಳುತ್ತಿತ್ತು; ಮಣ್ಣಿನ ಮಾಳಿಗೆಯ ಕೆಳಗೆ ಮೇ ತಿಂಗಳಿನ ಮಧ್ಯಾಹ್ನವೂ ಮಲಗಬಹುದಿತ್ತು. ನವನಗರದಲ್ಲಿ ರಸ್ತೆ ಅಗಲವಾಯಿತು, ಮನೆಗೆ ಮನೆ ದೂರವಾಯಿತು, ಗಿಡ ಬೆಳೆಯುವವರೆಗೆ ಬಿಸಿಲಿಗೆ ತಡೆಯಿರಲಿಲ್ಲ. ನಮ್ಮ ತಾಯಿ ಹೊಸ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ, "ಇಲ್ಲಿ ಎಲ್ಲಾ ಐತಿ, ನೆರಳೊಂದಿಲ್ಲ" ಎಂದಿದ್ದರು.

ಇನ್ನೊಂದು ವಿಷಯ. ಆಲಮಟ್ಟಿಯ ಮಟ್ಟವನ್ನು 524.256 ಮೀಟರಿಗೆ ಏರಿಸುವ ಮಾತು ನಡೆದೇ ಇದೆ. ಏರಿದರೆ ನಮ್ಮಲ್ಲಿ ಇನ್ನಷ್ಟು ನೆಲ ಮುಳುಗುತ್ತದೆ, ಇನ್ನಷ್ಟು ಜನ ಗಂಟುಮೂಟೆ ಕಟ್ಟುತ್ತಾರೆ. ವಿಜಯಪುರದವರು ತಾರಸಿಯ ನೀರು ಹಿಡಿಯುವ ಮಾತನ್ನು ಆಡುವಾಗ ಅದು ಕೇವಲ ವಿದ್ಯುತ್ ಬಿಲ್ಲಿನ ವಿಷಯವಲ್ಲ ಎಂಬುದನ್ನು ನಮ್ಮ ಪರವಾಗಿ ಸೇರಿಸಿಕೊಳ್ಳಿರಿ.

ವಡಗಾವಿ ಭತ್ತ

ಬೆಳಗಾವಿಯವನು. ನಮ್ಮಲ್ಲಿ ಮಳೆ ನಿಮ್ಮ ಎರಡು ಪಟ್ಟಿಗಿಂತಲೂ ಹೆಚ್ಚು, ಆದರೂ ಕಥೆ ಒಂದೇ. ನಮ್ಮೂರಿನದೇ ಆದ ಬಳ್ಳಾರಿ ನಾಲೆಯ ಪಾತ್ರದಲ್ಲಿ ಹೂಳು ಮತ್ತು ಕಳೆ ತುಂಬಿ, ಜೋರು ಮಳೆಯಾದಾಗಲೆಲ್ಲ ಸುತ್ತಲಿನ ಭತ್ತದ ಗದ್ದೆಗಳು ದಿನಗಟ್ಟಲೆ ನೀರಿನಲ್ಲಿ ನಿಲ್ಲುತ್ತವೆ. 2019ರ ಆಗಸ್ಟ್‌ನಲ್ಲಿ ನಗರದೊಳಗೂ ನೀರು ನುಗ್ಗಿತು. ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ 2016ರಲ್ಲಿಯೇ ನಮ್ಮ ಊರಿನ ಹೆಸರಿತ್ತು. ರಸ್ತೆಗಳು ನಿಜವಾಗಿಯೂ ಚೆನ್ನಾಗಿವೆ. ನಾಲೆ ಮಾತ್ರ ನಗರದ ಲೆಕ್ಕಕ್ಕೂ ಸೇರದೆ, ಹೊಲದ ಲೆಕ್ಕಕ್ಕೂ ಸೇರದೆ ನಡುವೆ ಉಳಿದಿದೆ.

ಗುಮ್ಮಟದ ನೆರಳು

ಹಳೆಯ ಊರಿನಲ್ಲಿ ವಾಸಿಸುವವರ ಕಷ್ಟವನ್ನು ಯಾರೂ ಪ್ರಸ್ತಾಪಿಸದ ಕಾರಣ ಬರೆಯುತ್ತಿದ್ದೇನೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರ್‌ವರೆಗೆ ಅನುಮತಿ ಬೇಕು. ಒಂದೇ ಸ್ಮಾರಕವಿರುವ ಊರಿನಲ್ಲಿ ಇದು ಸಣ್ಣ ವರ್ತುಲ. ನಮ್ಮಲ್ಲಿ ಒಂದು ವರ್ತುಲ ಮುಗಿಯುವ ಮೊದಲೇ ಇನ್ನೊಂದು ಶುರುವಾಗುತ್ತದೆ. ನಿಯಮ ಬೇಡವೆನ್ನುವುದಿಲ್ಲ, ಗೋಳಗುಮ್ಮಟದ ಪಕ್ಕದಲ್ಲಿ ಆರು ಅಂತಸ್ತಿನ ಕಟ್ಟಡ ಎದ್ದರೆ ನನಗೂ ಸಂಕಟವೇ. ಆದರೆ ಮೂವರು ಅಣ್ಣತಮ್ಮಂದಿರ ಮನೆಗೆ ಮೇಲೊಂದು ಕೋಣೆ ಏರಿಸಲಾಗದಿದ್ದಾಗ ಇಬ್ಬರು ಅಥಣಿ ರಸ್ತೆಯಲ್ಲಿ ಪ್ಲಾಟು ಹುಡುಕುತ್ತಾರೆ. ಊರು ಹೊರಗೆ ಹರಡುವುದಕ್ಕೆ ಇದೂ ಒಂದು ಕಾರಣವೆಂಬುದನ್ನು ಯೋಜಕರು ಒಪ್ಪಿಕೊಳ್ಳಬೇಕು. ಆ ಇಬ್ಬರಿಗಾಗಿ ನಗರಸಾರಿಗೆ ಬಸ್ಸು ಸಮಯಕ್ಕೆ ಸರಿಯಾಗಿ ಓಡಿದರೆ ಎರಡು ಬೈಕುಗಳಾದರೂ ಕಡಿಮೆಯಾಗುತ್ತವೆ.

ಬಾವಡಿಗಳ, ಅಂದರೆ ಹಳೆಯ ಮೆಟ್ಟಿಲು ಬಾವಿಗಳ, ವಿಷಯದಲ್ಲಿ ಒಂದು ಸಮಾಧಾನವಿದೆ. 1620ರ ತಾಜ್ ಬಾವಡಿಯಲ್ಲಿ ನಾನು ಚಿಕ್ಕವನಿದ್ದಾಗ ಗಣಪತಿ ವಿಸರ್ಜನೆಯ ಮಣ್ಣು, ಪ್ಲಾಸ್ಟಿಕ್ಕು, ಪಾಚಿ ಎಲ್ಲವೂ ಇದ್ದವು. ಹೂಳೆತ್ತಿದ ಮೇಲೆ ಕಮಾನಿನ ಕೆಳಗೆ ನಿಂತು ನೀರಿನ ಬಣ್ಣ ನೋಡಿದ ದಿನ ನನಗೆ ಇನ್ನೂ ನೆನಪಿದೆ. ಹೊಸ ಕೆರೆ ಅಗೆಯುವುದಕ್ಕಿಂತ ಇರುವ ಬಾವಿಗೆ ಗಟಾರ ಸೇರದಂತೆ ನೋಡಿಕೊಳ್ಳುವುದು ಅಗ್ಗದ ಕೆಲಸ.

ಬೇವಿನ ಕಟ್ಟೆ

ಗಿಡಗಳ ಬಗ್ಗೆ ಒಂದೇ ಮಾತು. ಜಿಲ್ಲೆಯಲ್ಲಿ ಅರಣ್ಯವೆಂಬುದು ಶೇಕಡಾ ಒಂದೂ ಇಲ್ಲ. ಕೋಟಿ ವೃಕ್ಷ ಅಭಿಯಾನದಿಂದ ಸಸಿ ನೆಡುವ ಹುಮ್ಮಸ್ಸು ಬಂದದ್ದು ಒಳ್ಳೆಯದೇ ಆಯಿತು. ಆದರೆ ಹೊಸ ಬಡಾವಣೆಗಳಲ್ಲಿ ಬೇಗ ಹಸಿರು ಕಾಣಲೆಂದು ಕೊನೊಕಾರ್ಪಸ್ ಮತ್ತು ಗುಲ್‌ಮೊಹರ್ ನೆಡುವುದನ್ನು ಬಿಡಬೇಕು. ಬೇವು, ಹೊಂಗೆ, ಹುಣಸೆ, ಬಸರಿಗಳು ನಮ್ಮ ಬಿಸಿಲನ್ನು ಬಲ್ಲವು. ಮತ್ತು ದಯವಿಟ್ಟು ಬುಡದವರೆಗೆ ಸಿಮೆಂಟ್ ಕಟ್ಟೆ ಕಟ್ಟಬೇಡಿರಿ, ಗಿಡಕ್ಕೂ ಬಾಯಾರಿಕೆಯಿದೆ.

ಜಲನಗರದ ನಿವೃತ್ತ

ಎರೆಹೊಲದವರ ಚೌಕು ಮಡಿಯ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. ಲೆಕ್ಕ ಹಾಕಿ ನೋಡಿದೆ. ಒಂದು ಗುಂಟೆ ಎಂದರೆ ಸುಮಾರು 101 ಚದರ ಮೀಟರ್. ಒಂದು ದಿನ 50 ಮಿ.ಮೀ. ಮಳೆ, ಅಂದರೆ ನಮ್ಮ ಊರಿಗೆ ಬಹಳ ಜೋರು ಮಳೆ, ಬಿದ್ದರೂ ಆ ಗುಂಟೆಯ ಮೇಲೆ ಬೀಳುವುದು 5,000 ಲೀಟರ್ ಚಿಲ್ಲರೆ. ನಮ್ಮ ಬಹುತೇಕ ಮನೆಗಳ ಸಂಪು ಅದಕ್ಕಿಂತ ದೊಡ್ಡದಿರುತ್ತದೆ. ಗುಂಟೆ ಪ್ಲಾಟಿನಲ್ಲಿಯೂ ಚೌಕು ಮಡಿ ಸಾಧ್ಯವಿದೆ. ಬದುವಿನ ಬದಲಿಗೆ ಸಂಪು, ಅಷ್ಟೇ ವ್ಯತ್ಯಾಸ. ಮಳೆಯ ಮುನ್ಸೂಚನೆ ಇದ್ದ ದಿನ ಅದನ್ನು ನಳದ ನೀರಿನಿಂದ ಕಂಠಮಟ್ಟ ತುಂಬಿಸಿಡಬಾರದು.

ಆದರೆ ಇಂಗುಗುಂಡಿಯ ಬಗ್ಗೆ ಎಚ್ಚರಿಸಬೇಕು. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ನಡೆಯುವುದು ಎರೆಯಲ್ಲಿ ನಡೆಯುವುದಿಲ್ಲ. ಎರೆ ಮಣ್ಣು ತೊಯ್ದ ಕೂಡಲೇ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ಗುಂಡಿಯಲ್ಲಿ ನೀರು ನಿಂತು ಸೊಳ್ಳೆಯಾಗುತ್ತದೆ. ಎರೆಯನ್ನು ದಾಟಿ ಗರಸು (ಕೆಳಗಿನ ಗಟ್ಟಿ ಜಲ್ಲಿಮಣ್ಣು) ಸಿಗುವವರೆಗೆ ಅಗೆದರೆ ಮಾತ್ರ ನೀರು ಇಳಿಯುತ್ತದೆ. ಪಾಯದ ಪಕ್ಕದಲ್ಲಿಯೇ ಅಗೆದರೆ ಮಣ್ಣು ಉಬ್ಬಿ ಕುಗ್ಗಿ ಗೋಡೆ ಬಿರಿಯುತ್ತದೆ. ಚಿಕ್ಕ ಪ್ಲಾಟಿನಲ್ಲಿ ಪಾಯದಿಂದ ದೂರ ಎಂಬ ಜಾಗವೇ ಇರುವುದಿಲ್ಲವಾದ್ದರಿಂದ ಹಿಡಿಯುವ ಕೆಲಸ ಮನೆಯಲ್ಲಿ, ಇಂಗಿಸುವ ಕೆಲಸ ಉದ್ಯಾನದಲ್ಲಿ ನಡೆಯಬೇಕು. ಹಾಗಾಗಬೇಕಾದರೆ ಉದ್ಯಾನವು ಲೇಔಟಿನ ಅತ್ಯಂತ ತಗ್ಗಿನ ಮೂಲೆಯಲ್ಲಿ, ಹಳ್ಳಕ್ಕೆ ಅಂಟಿಕೊಂಡಿರಬೇಕು. ಈಗ ಅದು ಪ್ಲಾಟು ಬೀಳದೆ ಉಳಿದ ತ್ರಿಕೋನದಲ್ಲಿರುತ್ತದೆ.

ಮನಗೂಳಿ ಅಗಸಿ

ಎಲ್ಲರಿಗೂ ವಂದನೆಗಳು. ನಾನು ಹಳ್ಳವನ್ನು ಉಳಿಸಬೇಕು ಎಂಬ ಒಂದೇ ವಿಚಾರದಿಂದ ಆರಂಭಿಸಿದ್ದೆ. ಈಗ ನನಗೆ ಕಾಣುವುದೇನೆಂದರೆ, ನಮ್ಮ ಬಡಾವಣೆಯಲ್ಲಿ ಹಳ್ಳವನ್ನು ಮತ್ತೆ ತೆರೆಯಲು ಸಾಧ್ಯವಿಲ್ಲ. ಅದರ ಮೇಲೆ ಮೂವತ್ತು ಸಂಸಾರಗಳಿವೆ. ಆದರೆ ಮೇಲಿನ ಮನೆಗಳು ತಮ್ಮ ತಾರಸಿಯ ನೀರನ್ನು ಸಂಪಿಗೆ ತಿರುಗಿಸಿಕೊಂಡರೆ ಕೆಳಗಿನ ಹನ್ನೊಂದು ಮನೆಗಳಿಗೆ ಬರುವುದರಲ್ಲಿ ಬಹುಪಾಲು ನಿಲ್ಲುತ್ತದೆ. ಮೊನ್ನೆ ಮೇಲಿನ ಓಣಿಯ ನಾಲ್ವರ ಹತ್ತಿರ ಮಾತಾಡಿದೆ. ಇಬ್ಬರು ಒಪ್ಪಿದರು, ಒಬ್ಬರು ನೋಡೋಣ ಎಂದರು, ಒಬ್ಬರು, "ನೀರು ನಿಮ್ಮ ಮನೆಗೆ ಬಂದದ್ದು, ಖರ್ಚು ನಮ್ಮದು ಯಾಕೆ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದೇ. ಪಾಲಿಕೆಯು ಹಾಗೆ ಮಾಡಿಸಿಕೊಂಡವರ ಆಸ್ತಿ ತೆರಿಗೆಯಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟರೆ ಅದಕ್ಕೆ ಉತ್ತರ ಸಿಗುತ್ತದೆ ಎಂದು ನನಗನಿಸುತ್ತದೆ.

ಪಾಯ ಮತ್ತು ಪ್ಲಾಟು ಅವರಿಗೆ ನನ್ನದೊಂದು ನೇರ ಪ್ರಶ್ನೆ. ಮುಂದಿನ ಲೇಔಟನ್ನು ನೀವು ಹೇಗೆ ಮಾಡುತ್ತೀರಿ?

ಪಾಯ ಮತ್ತು ಪ್ಲಾಟು

ನೇರವಾಗಿಯೇ ಉತ್ತರಿಸುತ್ತೇನೆ. ಎರೆ ಭೂಮಿಯಲ್ಲಿ ಮನೆ ಕಟ್ಟುವಾಗ ನಾವು ಹೇಗಿದ್ದರೂ ಗರಸು ಸಿಗುವವರೆಗೆ ಪಾಯ ತೆಗೆಯುತ್ತೇವೆ. ಆ ಹೊತ್ತಿಗೆ ಜೆಸಿಬಿ ಸ್ಥಳದಲ್ಲಿಯೇ ಇರುತ್ತದೆ, ಸಂಪಿಗೆ ಬೇರೆ ಬಾಡಿಗೆ ಬೇಕಿಲ್ಲ. ತಾರಸಿಯಿಂದ ಸಂಪಿಗೆ ಒಂದು ಪೈಪು ಮತ್ತು ಒಂದು ಜರಡಿ ಹಾಕಿಸುವುದು ಮನೆಯ ಒಟ್ಟು ಖರ್ಚಿನಲ್ಲಿ ಲೆಕ್ಕಕ್ಕೂ ಬರುವುದಿಲ್ಲ. ಕಟ್ಟಿದ ಮೇಲೆ ಮಾಡಿಸಲು ಹೋದರೆ ಟೈಲ್ಸ್ ಒಡೆಯಬೇಕಾಗುತ್ತದೆ, ಅದಕ್ಕೇ ಯಾರೂ ಒಪ್ಪುವುದಿಲ್ಲ. ಈ ಭಾಗವನ್ನು ನಾನು ನಾಳೆಯಿಂದಲೇ ಮಾಡಬಲ್ಲೆ.

ತಗ್ಗಿನ ಮೂಲೆಯ ಉದ್ಯಾನದ ಮಾತು ಬೇರೆ. ನನ್ನ ಹತ್ತಿರ ಈಗ ಇಂಡಿ ರಸ್ತೆಯ ಕಡೆ ಆರು ಎಕರೆಯ ಒಂದು ನಕಾಶೆ ತಯಾರಿದೆ, ಇನ್ನೂ ಸಲ್ಲಿಸಿಲ್ಲ. ಅದರಲ್ಲಿ ಉದ್ಯಾನ ಎತ್ತರದ ಕಡೆ, ಮುಖ್ಯ ರಸ್ತೆಗೆ ಕಾಣುವ ಹಾಗಿದೆ, ಏಕೆಂದರೆ ಪ್ಲಾಟು ನೋಡಲು ಬಂದವರು ಮೊದಲು ಉದ್ಯಾನವನ್ನು ನೋಡುತ್ತಾರೆ. ತಗ್ಗಿನ ಕಡೆ ಹಳ್ಳಕ್ಕೆ ಅಂಟಿಕೊಂಡು ಎಂಟು ಪ್ಲಾಟುಗಳಿವೆ. ಅವೆರಡನ್ನೂ ಅದಲುಬದಲು ಮಾಡಿದರೆ ರಸ್ತೆಯ ಅಳತೆ ಎಷ್ಟು ಬದಲಾಗುತ್ತದೆ, ಚದರ ಅಡಿಗೆ ಎಷ್ಟು ರೂಪಾಯಿ ಏರುತ್ತದೆ ಎಂದು ಸರ್ವೆಯರ್ ಜೊತೆ ಕೂತು ಲೆಕ್ಕ ಮಾಡಿಸಿ ಇಲ್ಲಿಯೇ ಬರೆಯುತ್ತೇನೆ. ಅಷ್ಟು ಹೆಚ್ಚು ಕೊಟ್ಟು ಕೊಳ್ಳಲು ತಯಾರಿರುವವರು ನಿಮ್ಮಲ್ಲಿ ಎಷ್ಟು ಜನ ಎಂಬುದನ್ನೂ ನೀವು ಬರೆಯಬೇಕು.